ನಿಂತರೆ ಆರುವ ಕಾರು

ದರ್ಜಿಯಮ್ಮನಿಗೆ ಕೆಂಪು ದೀಪ ಕಂಡರೆ ಆಗುತ್ತಿರಲಿಲ್ಲ. ಸಿಗ್ನಲ್ ದೂರದಲ್ಲಿ ಹಸಿರಾಗಿದ್ದರೂ ಅವಳಿಗೆ ಸಮಾಧಾನವಿಲ್ಲ. ತಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅದು ಕೆಂಪಾಗುವುದು ಗ್ಯಾರಂಟಿ ಎಂದು ಎದೆ ಮೊದಲೇ ಹೊಡೆದುಕೊಳ್ಳಲು ಶುರುಮಾಡುತ್ತಿತ್ತು. ಕಾರು ಓಡುವಾಗ ಯಾವ ತಕರಾರೂ ಇರಲಿಲ್ಲ. ನಿಂತರೆ ಮಾತ್ರ ಎಂಜಿನ್ ಒಮ್ಮೆ ನಡುಗಿ, ಬಿಕ್ಕಳಿಸಿದಂತೆ ಮಾಡಿ, ಆರಿಹೋಗುತ್ತಿತ್ತು. ಅದೂ ಎಲ್ಲ ಸಲ ಅಲ್ಲ. ಅವಳ ನೆಮ್ಮದಿ ಕೆಡಿಸಿದ್ದೇ ಅದು. ಪ್ರತಿ ಸಲ ಆರುವ ಗಾಡಿಯಾದರೆ ಎಳೆದುಕೊಂಡು ಹೋಗಿ ಗ್ಯಾರೇಜಿನಲ್ಲಿ ಬಿಟ್ಟುಬರಬಹುದು. ಯಾವಾಗ ಕೈಕೊಡುತ್ತದೋ ಗೊತ್ತಿಲ್ಲದ ಗಾಡಿಯಲ್ಲಿ ಮುಳ್ಳಿನ ಮೇಲೆ ಕೂತಂತೆ ಕೂರಬೇಕು.

ಪಕ್ಕದ ಸೀಟಿನಲ್ಲಿ ಗಂಡ ಕೂರುತ್ತಿದ್ದ. ಅವನು ಆಯುಷ್ಯವಿಡೀ ದೂರದೂರಿನ ಬಸ್ಸು ಓಡಿಸಿದವನು. ನಿವೃತ್ತನಾದ ಮೇಲೆ ಹೆಂಡತಿಯನ್ನು ಸುತ್ತಾಡಿಸಬೇಕೆಂದು ಈ ಹಳೆಯ ಚಿಕ್ಕ ಕಾರನ್ನು ತಂದಿದ್ದ. ಸುತ್ತಾಟ ಶುರುವಾಗುವ ಮೊದಲೇ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಬಚ್ಚಲಲ್ಲೇ ಕುಸಿದ. ಬಲಗೈ, ಬಲಗಾಲು ಸೋತವು. ಮಾತು ಹೋಯಿತು. ಅದ್ಯಾಕೋ "ಆಯ್ತು" ಎನ್ನುವ ಒಂದು ಮಾತು ಮಾತ್ರ ನಾಲಿಗೆಯ ಮೇಲೆ ಉಳಿದುಕೊಂಡಿತು. ಹಸಿವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು, ಬಿಸಿ ಚಹಾ ತುಟಿ ಸುಟ್ಟರೂ ಆಯ್ತು. ಮಗಳು ಹತ್ತಿರ ಕೂತು "ಅಪ್ಪಾ, ನಾನ್ಯಾರು ಹೇಳು?" ಎಂದಾಗಲೂ ಅವಳ ಕೆನ್ನೆ ಸವರಿ "ಆಯ್ತು, ಆಯ್ತು" ಎಂದಿದ್ದ. ಅವಳು ಎದ್ದು ಅಡುಗೆಮನೆಗೆ ಹೋಗಿ ಅತ್ತಿದ್ದಳು.

ದರ್ಜಿಯಮ್ಮ ಕಾರು ಓಡಿಸಲು ಕಲಿತದ್ದು ಆಮೇಲೆ. ಅಷ್ಟು ವರ್ಷ ಅವಳನ್ನು ಗಂಡ ಸ್ಟೀರಿಂಗ್ ಹತ್ತಿರವೂ ಬಿಟ್ಟಿರಲಿಲ್ಲ. "ನಿನ್ನ ಕೈಗೆ ಸೂಜಿನೇ ಸರಿ ಕಣೇ" ಎಂದು ನಗುತ್ತಿದ್ದ. ಈಗ ಅವನನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕು, ಕೈಕಾಲಿನ ವ್ಯಾಯಾಮಕ್ಕೆ, ಮಾತಿನ ಅಭ್ಯಾಸಕ್ಕೆ. ಬಾಡಿಗೆ ಗಾಡಿಗಳವರು ಅವನನ್ನು ಹತ್ತಿಸಿ ಇಳಿಸುವ ತಾಪತ್ರಯ ನೋಡಿ ಮುಖ ಸಿಂಡರಿಸುತ್ತಿದ್ದರು. ಒಬ್ಬನಂತೂ ಹಾರ್ನ್ ಹೊಡೆದು ಅವಸರ ಮಾಡಿದ. ಅವತ್ತೇ ಅವಳು ಡ್ರೈವಿಂಗ್ ಶಾಲೆಗೆ ಹೋಗಿ ಹೆಸರು ಬರೆಸಿದಳು. ಕಲಿತ ಹೊಸದರಲ್ಲಿ ಒಂದು ಇಳಿಜಾರಿನಲ್ಲಿ ಕಾರು ಹಿಂದಕ್ಕೆ ಜಾರಿ ಯಾರದೋ ಕಾಂಪೌಂಡಿಗೆ ಮುತ್ತಿಟ್ಟಿತು. ಆ ಹೆದರಿಕೆ ಅವಳ ಕಾಲಿನಿಂದ ಇಳಿದೇ ಇರಲಿಲ್ಲ.

ಎಂಜಿನ್ ಆರುವ ಕಾಟ ಶುರುವಾದಾಗ ಅವಳು ಗಾಡಿಯನ್ನು ಸ್ಪ್ಯಾನರ್ ಹತ್ತಿರ ಒಯ್ದಳು. ಸ್ಪ್ಯಾನರ್ ಅಂದರೆ ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್. ಮದುವೆಮನೆಗೆ ಬಂದರೂ ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡೇ ಬರುತ್ತಾನೆಂದು ಬೀದಿಯವರು ಇಟ್ಟ ಹೆಸರು. ಒಂದು ಕಾಲದಲ್ಲಿ ಬಸ್ ಡಿಪೋದಲ್ಲಿ ಅವಳ ಗಂಡನ ಬಸ್ಸಿನ ಕೆಳಗೆ ಮಲಗಿ ಕೆಲಸ ಕಲಿತವನು ಅವನು.

"ಗಾಳಿ ಹೋಗೋ ಬಾಯಿಗೆ ಮಸಿ ಕಟ್ಟಿದೆ ಅಕ್ಕಾ. ಉಸಿರು ಸಾಲ್ತಿಲ್ಲ, ಅಷ್ಟೇ" ಎಂದ. ಬಿಚ್ಚಿ, ತೊಳೆದು, ಒರೆಸಿ ಕೊಟ್ಟ. ಅವಳು ಹಗುರವಾಗಿ ಮನೆಗೆ ಹೊರಟಳು. ಮನೆಗೆ ತಿರುಗುವ ಮುಂಚಿನ ಸಿಗ್ನಲ್ಲಿನಲ್ಲಿ ಎಂಜಿನ್ ಆರಿತು.

ಎರಡನೇ ಸಲ ಹೋದಾಗ ಅವನು ಪ್ಲಗ್ಗುಗಳನ್ನು ಬದಲಾಯಿಸಿದ. ಗಾಡಿ ನಿಂತಾಗ ಎಂಜಿನ್ನಿಗೆ ಬೇಕಾದಷ್ಟೇ ಗಾಳಿ ಬಿಡುವ ವಾಲ್ವನ್ನೂ ಹೊಸದು ಹಾಕಿದ. ತಾನೇ ಓಡಿಸಿಕೊಂಡು ಹೋಗಿ, ಊರೆಲ್ಲ ಸುತ್ತಿ, ಎಲ್ಲ ಸಿಗ್ನಲ್ಲುಗಳಲ್ಲೂ ನಿಂತು ಬಂದ.

"ಗಡಿಯಾರದ ಹಾಗೆ ಓಡ್ತಿದೆ. ಎಲ್ಲೂ ಕೈ ಕೊಡಲಿಲ್ಲ" ಎಂದ. ಆಮೇಲೆ ತಲೆ ಕೆರೆದುಕೊಂಡು, "ಬೇಜಾರು ಮಾಡ್ಕೋಬೇಡಿ ಅಕ್ಕಾ. ಕ್ಲಚ್ ಸ್ವಲ್ಪ ಬೇಗ ಬಿಡ್ತಿದ್ದೀರೇನೋ" ಎಂದು ಸೇರಿಸಿದ.

"ನ್ಯೂಟ್ರಲ್‌ನಲ್ಲಿ ನಿಂತಿರೋವಾಗ ಕ್ಲಚ್ ಬಿಟ್ರೆ ಎಂಜಿನ್ ಯಾಕಪ್ಪ ಆಫ್ ಆಗುತ್ತೆ?"

ಅವನು ಕೀಯನ್ನು ಅವಳ ಕೈಗಿಟ್ಟ. ಆದರೆ ಅವನ ಮುಖದಲ್ಲಿ ಉಳಿದ ಅನುಮಾನ ಅವಳಿಗೆ ಕಂಡಿತು. ಮಗಳದ್ದೂ ಅದೇ ರಾಗ. "ಅಮ್ಮಾ, ಈ ವಯಸ್ಸಲ್ಲಿ ಯಾಕೆ ಈ ಹಟ? ಕೊಟ್ಟುಬಿಡು ಆ ಗಾಡೀನ. ಇಲ್ಲದ ಉಸಾಬರಿ." ಎಲ್ಲರೂ ಸೇರಿ ತಪ್ಪನ್ನು ಗಾಡಿಯಿಂದ ಎತ್ತಿ ತನ್ನ ತಲೆಗೆ ಕಟ್ಟುತ್ತಿದ್ದಾರೆ ಅನಿಸಿತು ಅವಳಿಗೆ. ಹೊಲಿಗೆಗೆ ಕೂತರೂ ಮನಸ್ಸು ನಿಲ್ಲುತ್ತಿರಲಿಲ್ಲ. ಶಾಲೆಯ ಯೂನಿಫಾರ್ಮುಗಳ ರಾಶಿ ಎದುರಿಗೇ ಇರುತ್ತಿತ್ತು. ಒಂದು ಕಾಲರ್ ಹಚ್ಚುವುದು, ಎದ್ದು ಹೋಗಿ ಕಿಟಕಿಯಿಂದ ಕಾರು ನೋಡುವುದು, ಬಂದು ಕೂರುವುದು, ಹಚ್ಚಿದ ಕಾಲರ್ ತಿರುಗುಮುರುಗು ಆಗಿದೆಯೆಂದು ಬಿಚ್ಚುವುದು.

ಇದರ ಜೊತೆಗೆ ಗಂಡನದೊಂದು ಹೊಸದು ಶುರುವಾಯಿತು. ಕಾರಿನಲ್ಲಿ ಕೂತವನು ಇದ್ದಕ್ಕಿದ್ದಂತೆ ಹಲ್ಲು ಕಚ್ಚಿ "ಸ್‌ಸ್‌ಸ್" ಎನ್ನತೊಡಗಿದ. ಮೊದಲ ದಿನ ಅವಳು ಅವನ ಕಾಲೆಲ್ಲೋ ಸಿಕ್ಕಿಕೊಂಡು ನೋಯುತ್ತಿದೆಯೆಂದು ಬಗ್ಗಿ ನೋಡಿದಳು. ಅವನು ತಲೆ ಅಲ್ಲಾಡಿಸಿ, ಎಡಗೈಯಿಂದ ಅವಳನ್ನು ದೂಡಿ, ಮತ್ತೆ "ಸ್‌ಸ್‌ಸ್" ಎಂದ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಗೆ ಈ ಸುದ್ದಿ ಕೇಳಿ ಹಿಗ್ಗೋ ಹಿಗ್ಗು. ಎಳೆಯ ವಯಸ್ಸು, ಕೆಲಸದಲ್ಲಿ ತುಂಬ ಆಸೆ ಇಟ್ಟುಕೊಂಡವಳು.

"ಆಂಟಿ, ಇದು ಒಳ್ಳೇ ಲಕ್ಷಣ! ಹೊಸ ಶಬ್ದ ಬರ್ತಿದೆ. ಏನೋ ಹೇಳೋಕೆ ಹೊರಟಿದಾರೆ. ಸಕಾರದಿಂದ ಶುರುವಾಗೋ ಮಾತುಗಳನ್ನ ಹೇಳ್ತಾ ಹೋಗಿ, ಯಾವುದಕ್ಕೆ ತಲೆ ಆಡಿಸ್ತಾರೆ ನೋಡಿ."

ದರ್ಜಿಯಮ್ಮ ಮನೆಯಲ್ಲಿ ಗಂಡನ ಎದುರಿಗೆ ಕೂತು ಹೇಳುತ್ತಾ ಹೋದಳು. "ಸಕ್ಕರೆ? ಸೋಪು? ಸೊಳ್ಳೆ? ಸ್ನಾನ? ಸ್ವೆಟರ್?" ಅವನು ಪ್ರತಿಯೊಂದಕ್ಕೂ ಅಡ್ಡಡ್ಡ ತಲೆಯಾಡಿಸಿದ. ಸ್ವೆಟರಿಗೆ ಬಂದಾಗ ಕಣ್ಣು ಮುಚ್ಚಿ, ಸಾಕಪ್ಪಾ ಸಾಕು ಅನ್ನುವ ಮುಖ ಮಾಡಿದ.

ಸಾಕು. ಆ ಮಾತು ಅವಳ ಎದೆಗೆ ಚುಚ್ಚಿತು. ಅದೂ ಸಕಾರದಿಂದಲೇ ಶುರುವಾಗುವುದಲ್ಲವೇ? ಕಾರಿನಲ್ಲಿ ಕೂತಾಗ ಮಾತ್ರ ಹೇಳುತ್ತಾನೆ. ನಿನ್ನ ಡ್ರೈವಿಂಗ್ ಸಾಕು ಅನ್ನುತ್ತಿದ್ದಾನೋ, ಆಸ್ಪತ್ರೆ ಸಾಕು ಅನ್ನುತ್ತಿದ್ದಾನೋ, ಅದಕ್ಕೂ ದೊಡ್ಡದೇನಾದರೂ ಸಾಕಾಗಿದೆಯೋ? ಬಾಯಿಬಿಟ್ಟು ಕೇಳಲು ಧೈರ್ಯ ಸಾಲಲಿಲ್ಲ. ಪಟ್ಟಿಯಲ್ಲಿ ಆ ಒಂದು ಮಾತನ್ನು ಮಾತ್ರ ಅವಳು ಹೇಳದೇ ಉಳಿಸಿಕೊಂಡಳು. ಅವತ್ತಿನಿಂದ ಕಾರಿನಲ್ಲಿ ಅವನ "ಸ್‌ಸ್" ಕೇಳಿದಾಗಲೆಲ್ಲ ಅವಳ ಮೈಯೆಲ್ಲ ಬಿಗಿಯುತ್ತಿತ್ತು.

ಎಲ್ಲ ಒಟ್ಟಿಗೆ ಸ್ಫೋಟಿಸಿದ್ದು ಆಸ್ಪತ್ರೆಯ ಗೇಟಿನಲ್ಲಿ. ಬೆಳಗಿನ ಗಲಾಟೆಯ ಹೊತ್ತು. ಒಳಗೆ ಹೋಗುವ ದಾರಿ ಇಕ್ಕಟ್ಟು, ಒಂದೇ ಗಾಡಿ ಹಿಡಿಸುವಷ್ಟು. ಮುಂದಿನ ಕಾರಿನವನು ಗೇಟಿನವನ ಜೊತೆ ಏನೋ ಮಾತಾಡುತ್ತಾ ನಿಂತುಬಿಟ್ಟ. ಅವಳು ಹಿಂದೆ ನಿಂತಳು. ಅಷ್ಟರಲ್ಲಿ ಬೆನ್ನ ಹಿಂದೆ ಆಂಬುಲೆನ್ಸಿನ ಕೂಗು. ಕನ್ನಡಿ ತುಂಬ ಕೆಂಪು ಬೆಳಕು.

"ಸ್‌ಸ್! ಸ್‌ಸ್!" ಗಂಡ ಮುಂದಕ್ಕೆ ಬಾಗಿದ.

ಎಂಜಿನ್ ನಡುಗಿತು. ಬಿಕ್ಕಳಿಸಿತು. ಆರಿತು.

ಮುಂದಿನ ಕಾರು ಒಳಗೆ ಹೋಯಿತು. ದಾರಿ ಖಾಲಿ. ಅವಳು ಕೀ ತಿರುಗಿಸಿದಳು. ಎಂಜಿನ್ ಹೊತ್ತಿಕೊಂಡು ಮತ್ತೆ ಆರಿತು. ಹಿಂದಿನಿಂದ ಹಾರ್ನುಗಳು, ಬೈಗುಳ. ಯಾರೋ ಕಿಟಕಿ ಬಡಿದರು. ಗಂಡ ಎಡಗೈಯಿಂದ ಡ್ಯಾಶ್‌ಬೋರ್ಡ್ ಗುದ್ದುತ್ತಾ, ಅವಳ ಕಾಲಿನ ಕಡೆ ಬೆರಳು ತೋರಿಸುತ್ತಾ "ಸ್‌ಸ್! ಸ್‌ಸ್!" ಎಂದು ಉಗುಳು ಹಾರಿಸುತ್ತಿದ್ದ.

"ಸಾಕಾ ನಿಮಗೆ? ಸಾಕಾ?" ಅವಳ ಗಂಟಲು ಹರಿದುಹೋಯಿತು. "ನನಗೂ ಸಾಕಾಗಿದೆ! ಕೇಳಿಸ್ತಾ? ನನಗೂ ಸಾಕಾಗಿ ಹೋಗಿದೆ!"

ಗಂಡನ ಕೈ ತೊಡೆಯ ಮೇಲೆ ಬಿತ್ತು. ಗೇಟಿನವನೂ ಆಂಬುಲೆನ್ಸಿನಿಂದ ಹಾರಿಬಂದ ಒಬ್ಬನೂ ಸೇರಿ ಕಾರನ್ನು ಪಕ್ಕಕ್ಕೆ ದೂಡಿದರು. ಆಂಬುಲೆನ್ಸ್ ಒಳಗೆ ನುಗ್ಗಿತು. ಅದರಲ್ಲಿ ಯಾರಿದ್ದರೋ, ತನ್ನಿಂದ ಅವರಿಗೆ ಎಷ್ಟು ತಡವಾಯಿತೋ ಎಂದು ಅವಳು ಸ್ಟೀರಿಂಗ್ ಹಿಡಿದು ಕೂತಲ್ಲೇ ಕೂತಳು. ಪಕ್ಕಕ್ಕೆ ತಿರುಗಿದರೆ ಗಂಡನ ಕೆನ್ನೆ ಒದ್ದೆಯಾಗಿತ್ತು. ಬಾಯಿ ಒರೆಸಿಕೊಳ್ಳಲೂ ಅವನು ಕೈ ಎತ್ತಲಿಲ್ಲ.

ಅವತ್ತು ಅವರು ಆಸ್ಪತ್ರೆಯ ಒಳಗೆ ಹೋಗಲಿಲ್ಲ. ಕಾರು ಸ್ಟಾರ್ಟ್ ಆದ ಮೇಲೆ ಅವಳು ನೆಟ್ಟಗೆ ಗ್ಯಾರೇಜಿಗೆ ತಂದಳು.

"ಇದನ್ನ ಇಲ್ಲೇ ಬಿಟ್ಟುಹೋಗ್ತೀನಿ. ಯಾರಾದ್ರೂ ತಗೊಳೋರಿದ್ರೆ ಕೊಟ್ಟುಬಿಡಪ್ಪ" ಎಂದಳು ಸ್ಪ್ಯಾನರಿಗೆ.

"ಕೂತ್ಕೊಳ್ಳಿ ಅಕ್ಕಾ, ನೀರು ಕುಡೀರಿ."

"ಕೂರಲ್ಲ."

ಕೂರಲು ಅವಳಿಂದ ಆಗುತ್ತಲೂ ಇರಲಿಲ್ಲ. ಟೈರುಗಳ ರಾಶಿಯಿಂದ ಬಾಗಿಲಿನವರೆಗೆ, ಬಾಗಿಲಿನಿಂದ ಟೈರುಗಳವರೆಗೆ ಬಾಲ ಸುಟ್ಟ ಬೆಕ್ಕಿನಂತೆ ತಿರುಗಿದಳು. ಸ್ಪ್ಯಾನರ್ ಎಂಜಿನ್ ಓಡುತ್ತಿದ್ದ ಹಾಗೆಯೇ ಬಾನೆಟ್ ಎತ್ತಿ ತಲೆ ತೂರಿಸಿದ. ಎಂಜಿನ್ ಸಾಧುವಿನಂತೆ ಸಮನಾಗಿ ಓಡುತ್ತಿತ್ತು. ಗಂಡ ಒಳಗೆ ತನ್ನ ಸೀಟಿನಲ್ಲೇ ಇದ್ದ. ಇಳಿಸಲು ಹೋದಾಗ ಬಾಗಿಲು ಹಿಡಿದುಕೊಂಡು ಬರುವುದಿಲ್ಲವೆಂದು ತಲೆಯಾಡಿಸಿದ್ದ.

"ನೋಡಿ, ಇಲ್ಲಿ ಏನೂ ಆಗ್ತಿಲ್ಲ" ಎಂದ ಸ್ಪ್ಯಾನರ್. "ನೀವೇ ಕೇಳಿ, ಎಷ್ಟು ಚೆನ್ನಾಗಿ..."

ಎಂಜಿನ್ ನಡುಗಿ ಆರಿತು.

ಸ್ಪ್ಯಾನರ್ ತಲೆ ಎತ್ತಿದ. "ಯಾರು ಆಫ್ ಮಾಡಿದ್ದು?"

ಯಾರೂ ಕೀ ಮುಟ್ಟಿರಲಿಲ್ಲ. ಕಾರಿನೊಳಗೆ ಗಂಡ ಒಂದು ಪಕ್ಕಕ್ಕೆ ಪೂರ್ತಿ ವಾಲಿಕೊಂಡಿದ್ದ. ಎಡಗೈಯಲ್ಲಿ ಹಿಡಿದ ಊರುಗೋಲನ್ನು ಗೇರಿನ ಮೇಲಿಂದ ಆಚೆಗೆ ಚಾಚಿ, ಡ್ರೈವರ್ ಸೀಟಿನ ಮುಂದಿನ ಬ್ರೇಕನ್ನು ಅದರ ತುದಿಯಿಂದ ಒತ್ತಿ ಹಿಡಿದಿದ್ದ. ಹಣೆಯ ಮೇಲೆ ಬೆವರು. ಮುಖ ಮಾತ್ರ, ಬಸ್ಸಿನ ಬಾಗಿಲಲ್ಲಿ ನೇತಾಡುವವರಿಗೆ ಒಳಗೆ ಬನ್ನಿ ಎಂದು ಗದರುತ್ತಿದ್ದ ಕಾಲದ್ದು.

"ಸ್‌ಸ್‌ಸ್" ಎಂದ.

"ಅಣ್ಣಾ, ತಡೀರಿ, ತಡೀರಿ." ಸ್ಪ್ಯಾನರ್ ಓಡಿಬಂದು ಮತ್ತೆ ಸ್ಟಾರ್ಟ್ ಮಾಡಿದ. ಆಮೇಲೆ ಬಾಗಿಲ ಬಳಿ ಮಂಡಿಯೂರಿ, ಪೆಡಲ್ಲುಗಳ ಹತ್ತಿರಕ್ಕೆ ಕಿವಿ ತಂದ. "ಈಗ ಒತ್ತಿ."

ಊರುಗೋಲು ಒತ್ತಿತು. ಪೆಡಲ್ಲಿನ ಹಿಂದಿನ ಕತ್ತಲಿಂದ ಒಂದು ಸದ್ದು ಬಂತು. ಸಣ್ಣದು, ಪಂಕ್ಚರಾದ ಟ್ಯೂಬಿನದರಂಥದ್ದು. ಸ್‌ಸ್‌ಸ್. ಎಂಜಿನ್ ತತ್ತರಿಸಿತು. ಊರುಗೋಲು ಎತ್ತಿದ ಕೂಡಲೇ ಚೇತರಿಸಿಕೊಂಡಿತು.

ಸ್ಪ್ಯಾನರ್ ಹಾಗೇ ಮಂಡಿಯ ಮೇಲೆ ಕೂತು ಗಂಡನ ಮುಖ ನೋಡಿದ. "ಅಯ್ಯೋ ಅಣ್ಣಾ. ನೀವು ಇದನ್ನೇ ಹೇಳ್ತಾ ಇದ್ರಾ?"

"ಆಯ್ತು!" ಎಂದ ಗಂಡ. ಆ ಒಂದು ಮಾತಿನಲ್ಲಿ ಅಷ್ಟು ದಿನದ ಸಿಟ್ಟೆಲ್ಲ ಇತ್ತು.

ದರ್ಜಿಯಮ್ಮ ಗ್ಯಾರೇಜಿನ ಬಾಗಿಲ ಬಳಿಯೇ ನಿಂತುಬಿಟ್ಟಿದ್ದಳು. ಅವಳು ಬಂದು ಬಗ್ಗಿದಳು. ಊರುಗೋಲು ಮತ್ತೆ ಹಗುರವಾಗಿ ಒತ್ತಿತು. ಎಂಜಿನ್ನಿನ ಗುಂಯ್ ಬಿಟ್ಟರೆ ಮೊದಲು ಏನೂ ಕೇಳಿಸಲಿಲ್ಲ. ಹೊಲಿಗೆ ಮೆಷಿನ್ನಿನ ಗದ್ದಲದಲ್ಲಿ ವರ್ಷಗಟ್ಟಲೆ ಕೂತು ಅವಳ ಕಿವಿ ಮೊಂಡಾಗಿತ್ತು. ತಲೆಯನ್ನು ಪೂರ್ತಿ ಕೆಳಗೆ ಇಳಿಸಿದ ಮೇಲೆ ಕೇಳಿಸಿತು. ಕೇಳಿಸಿದ ಮೇಲೂ ಅವಳು ಬೇಗ ಮೇಲೇಳಲಿಲ್ಲ, ಗಂಡನಿಗೆ ಮುಖ ತೋರಿಸಬೇಕಲ್ಲ ಎಂದು.

"ಆದ್ರೆ ನಾನು ಓಡಿಸಿದಾಗ ಯಾಕೆ ಆಗಲಿಲ್ಲ?" ಎಂದು ಸ್ಪ್ಯಾನರ್ ತನ್ನನ್ನೇ ಕೇಳಿಕೊಂಡ. "ಅಕ್ಕಾ, ನೀವು ಕೂತ್ಕೊಳ್ಳಿ. ಸಿಗ್ನಲ್ಲಲ್ಲಿ ಹೇಗೆ ನಿಲ್ತೀರೋ ಹಾಗೇ ಬ್ರೇಕ್ ಹಿಡೀರಿ."

ಅವಳು ಕೂತಳು. ಅವನು ಅವಳ ಪಾದವನ್ನೇ ನೋಡಿದ. ನೋಡುತ್ತಾ ನೋಡುತ್ತಾ ಅವನ ಮೀಸೆಯ ಕೆಳಗೆ ನಗು ಹುಟ್ಟಿತು.

"ಅಕ್ಕಾ, ನೀವು ಬ್ರೇಕ್ ಒತ್ತುತ್ತಾ ಇಲ್ಲ. ಹೊಲೀತಾ ಇದೀರಿ!"

ಅವಳು ತನ್ನ ಕಾಲು ನೋಡಿಕೊಂಡಳು. ಹೌದು. ಮೆಷಿನ್ನಿನ ಪೆಡಲ್ ತುಳಿದಂತೆ ಪಾದ ಒತ್ತುತ್ತಿತ್ತು, ಸ್ವಲ್ಪ ಬಿಡುತ್ತಿತ್ತು, ಮತ್ತೆ ನೆಲ ಕಾಣುವವರೆಗೆ ಒತ್ತುತ್ತಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ. ಹೆದರಿಕೆ ಜಾಸ್ತಿಯಾದಷ್ಟೂ ಪಾದದ ಜೋರು ಜಾಸ್ತಿಯಾಗುತ್ತಿತ್ತು. ಎಂಜಿನ್ ನಡುಗಿದಷ್ಟೂ ಹೆದರಿಕೆ. ಈಗಲೂ, ಅವಳು ನೋಡುತ್ತಿದ್ದಂತೆಯೇ, ಆರಿಹೋಯಿತು.

ಸ್ಪ್ಯಾನರ್ ಬಾನೆಟ್ಟಿನೊಳಗೆ ಒಂದು ದುಂಡನೆಯ ಕಪ್ಪು ಡಬ್ಬಿ ತೋರಿಸಿದ. ಬ್ರೇಕ್ ಬೂಸ್ಟರ್. ನಮ್ಮ ಕಾಲಿನ ಬಲ ಸಾಲದೆಂದು ಎಂಜಿನ್ ಗಾಳಿ ಎಳೆಯುವ ಸೆಳೆತವನ್ನು ಸಾಲ ತಂದು ಬ್ರೇಕಿಗೆ ಕೊಡುವುದು ಅದರ ಕೆಲಸ. ಒಳಗಿನ ರಬ್ಬರ್ ಹರಿದಿದ್ದರೆ, ಬ್ರೇಕ್ ಒತ್ತಿದಾಗಲೆಲ್ಲ ಹೊರಗಿನ ಗಾಳಿ ಅದರ ಮೂಲಕ ಎಂಜಿನ್ನಿಗೆ ನುಗ್ಗಿ ಪೆಟ್ರೋಲಿನ ಹದ ಕೆಡಿಸುತ್ತದೆ. ಹಗುರವಾಗಿ ಒತ್ತಿದರೆ ಎಂಜಿನ್ ಹೇಗೋ ಸುಧಾರಿಸಿಕೊಳ್ಳುತ್ತದೆ. ಓಡುವಾಗಂತೂ ಲೆಕ್ಕಕ್ಕೇ ಇಲ್ಲ. ನಿಂತಲ್ಲಿ, ಜೋರಾಗಿ, ಮತ್ತೆ ಮತ್ತೆ ಒತ್ತಿದರೆ ಉಸಿರು ಕಟ್ಟುತ್ತದೆ. ಆ ಡಬ್ಬಿಗೆ ಹೋಗುವ ರಬ್ಬರ್ ಪೈಪನ್ನು ಅವನು ಬಟ್ಟೆ ಸುತ್ತಿದ ಇಕ್ಕಳದಿಂದ ಅದುಮಿ ಹಿಡಿದ.

"ಈಗ ಸ್ಟಾರ್ಟ್ ಮಾಡಿ ಹೊಲೀರಿ ಅಕ್ಕಾ, ಎಷ್ಟು ಬೇಕಾದ್ರೂ."

ಅವಳು ತುಳಿದಳು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ಎಂಜಿನ್ ಮಾತ್ರ ಅಲ್ಲಾಡಲಿಲ್ಲ.

"ಸಿಕ್ಕಿಬಿದ್ದ ನೋಡಿ ಕಳ್ಳ" ಎಂದ ಸ್ಪ್ಯಾನರ್. ಆಮೇಲೆ ನಗು ನಿಲ್ಲಿಸಿ, "ಇದು ಬರೀ ಎಂಜಿನ್ ವಿಷಯ ಅಲ್ಲ. ಇನ್ನಷ್ಟು ಹರಿದಿದ್ರೆ ಬ್ರೇಕೇ ಹೀಗೆ ಕಲ್ಲಾಗೋದು. ಇಳಿಜಾರಲ್ಲಿ ನಿಮ್ಮ ಕಾಲಿಗೆ ನಿಲ್ತಾನೇ ಇರಲಿಲ್ಲ. ಅಣ್ಣ ಹೆದರಿರೋದು ಅದಕ್ಕೇ" ಎಂದ.

ಹೊಸ ಬೂಸ್ಟರ್ ತರಿಸುವವರೆಗೆ ಕಾರು ಗ್ಯಾರೇಜಿನಲ್ಲೇ ಉಳಿಯಿತು. ಮನೆಗೆ ಬಂದ ಮೇಲೆ ಅವಳು ಗಂಡನ ಅಂಗಿ ಬದಲಾಯಿಸಿದಳು, ಮುಖ ಒರೆಸಿದಳು, ಚಹಾ ಮಾಡಿದಳು, ಲೋಟ ಕೊಟ್ಟಳು, ಕೊಟ್ಟ ಲೋಟವನ್ನು ಸರಿಯಾಗಿದೆಯೋ ಎಂದು ಮತ್ತೆ ಮುಟ್ಟಿದಳು. ಕೊನೆಗೆ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು.

"ರೀ. ನಾನು ಏನಂದ್ಕೊಂಡಿದ್ದೆ ಗೊತ್ತಾ? ನೀವು ಸಾಕು ಅಂತಿದೀರಿ ಅಂದ್ಕೊಂಡಿದ್ದೆ. ಎಲ್ಲಾ ಸಾಕು ಅಂತ. ಅದಕ್ಕೇ ಹಾಗೆ ಕೂಗಿದ್ದು."

ಅವನು ಅವಳನ್ನು ನೋಡಿದ. ಮೊದಲು ಅರ್ಥವಾಗಲಿಲ್ಲವೆಂಬಂತೆ, ಆಮೇಲೆ ಅರ್ಥವಾಗಿ, ಹುಬ್ಬು ಮೇಲಕ್ಕೇರಿಸಿ. ಅಡ್ಡಡ್ಡ ತಲೆಯಾಡಿಸಿದ. ನಿಲ್ಲಿಸಲೇ ಇಲ್ಲ, ಆಡಿಸುತ್ತಲೇ ಇದ್ದ. ಲೋಟದ ಚಹಾ ತುಳುಕಿ ಲುಂಗಿಯ ಮೇಲೆ ಚೆಲ್ಲಿತು. ಅವಳು ಲೋಟ ತೆಗೆದಿಟ್ಟು, ಅವನ ಗಲ್ಲ ಹಿಡಿದು, "ಗೊತ್ತಾಯ್ತು ಬಿಡಿ, ಗೊತ್ತಾಯ್ತು, ಕುತ್ತಿಗೆ ಉಳುಕೀತು" ಎಂದಳು. ಇಬ್ಬರಿಗೂ ನಗು ಬಂತು. ನಗುವಿನ ನಡುವೆಯೇ ಅವಳಿಗೆ ಅಳುವೂ ಬಂತು, ಎದ್ದು ಹೋಗಬೇಕೆನಿಸಿತು, ಹೋಗಲಿಲ್ಲ.

ಮಾತು ಕಲಿಸುವ ಹುಡುಗಿಗೆ ವಿಷಯ ಹೇಳಿದಾಗ ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡು ನಕ್ಕುಬಿಟ್ಟಳು. ಆಮೇಲೆ ಬೇರೆ ದಾರಿ ಹಿಡಿದಳು. "ಅಂಕಲ್‌ಗೆ ಸದ್ದು ಮಾಡೋಕೆ ಬರುತ್ತೆ ಅಂತಾಯ್ತು. ಸದ್ದಿಂದಾನೇ ಶುರು ಮಾಡೋಣ" ಎಂದು ಹಾರ್ನು, ಬಾಗಿಲು, ಮಳೆ, ಹೊಲಿಗೆ ಮೆಷಿನ್ನು ಎಲ್ಲದರ ಸದ್ದನ್ನೂ ಮಾಡಿಸತೊಡಗಿದಳು. ಅವನಿಗೆ ಅದರಲ್ಲಿ ರುಚಿ ಹತ್ತಿತು.

ಬೂಸ್ಟರ್ ಬಂದ ದಿನ ಸ್ಪ್ಯಾನರ್ ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿ, ನಟ್ಟು ಸಿಗದೆ ಬೈಯುತ್ತಾ, ಹಳೆಯದನ್ನು ಕಳಚಿದ. ಗಂಡ ಸ್ಟೂಲಿನ ಮೇಲೆ ಕೂತು ಮೇಲ್ವಿಚಾರಣೆ ನಡೆಸಿದ. ಒಂದು ನಟ್ಟು ಬಿಗಿಯದೇ ಉಳಿದಾಗ ಊರುಗೋಲಿನಿಂದ ಸ್ಪ್ಯಾನರನ ಹೊಟ್ಟೆಗೆ ತಿವಿದು ತೋರಿಸಿದ. "ಡಿಪೋದಲ್ಲಿ ತಿಂದ ಪೆಟ್ಟು ಸಾಲದು ಅಂತ ಈಗ ಇದು ಬೇರೆ" ಎಂದ ಸ್ಪ್ಯಾನರ್, ಖುಷಿಯಿಂದಲೇ. ಕೆಲಸ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತಾ ಅವಳತ್ತ ತಿರುಗಿ ಮೆಲ್ಲಗೆ, "ನಿಮ್ಮ ಡ್ರೈವಿಂಗ್ ಮೇಲೆ ಹಾಕಿದ್ದು ತಪ್ಪಾಯ್ತು ಅಕ್ಕಾ" ಎಂದ.

"ಅರ್ಧ ಸರಿಯೂ ಇತ್ತಲ್ಲಪ್ಪ" ಎಂದಳು ಅವಳು.

ಊರಾಚೆ ಗುಡ್ಡದ ರಸ್ತೆಯಲ್ಲಿ ಒಮ್ಮೆ ಹತ್ತಿಸಿ ಇಳಿಸಿ ನೋಡಿ ಎಂದು ಅವನು ಹೇಳಿದ್ದ. ಮರುದಿನ ಬೆಳಿಗ್ಗೆ ಹೊರಟರು. ಮೊದಲ ಸಿಗ್ನಲ್ ಕೆಂಪಾಯಿತು. ಅವಳ ಎದೆ ಹೊಡೆದುಕೊಂಡೇ ಹೊಡೆದುಕೊಂಡಿತು, ಅದಕ್ಕೆ ಹೊಸ ಬೂಸ್ಟರಿನ ಸುದ್ದಿ ತಲುಪಿರಲಿಲ್ಲ. ಪಾದ ತುಳಿಯಲು ಹೊರಟಾಗ ಗಂಡ ಅವಳ ಮಂಡಿಯ ಮೇಲೆ ಕೈಯಿಟ್ಟ. ಸುಮ್ಮನೆ, ಭಾರವಾಗಿ. ಅವಳು ಒಮ್ಮೆ ಒತ್ತಿ ಹಾಗೇ ಹಿಡಿದಳು. ಎಂಜಿನ್ ಸಮನಾಗಿ ಉಸಿರಾಡುತ್ತಿತ್ತು. ಹಸಿರು ಬಂದು ಹಿಂದಿನವನು ಹಾರ್ನ್ ಹೊಡೆದ ಮೇಲೆಯೇ ಅವಳಿಗೆ ಎಚ್ಚರವಾದದ್ದು.

ಗುಡ್ಡ ಏರುವಾಗ ಗಂಡ ಬೆರಳಿನಿಂದ ಗೇರು ತೋರಿಸಿದ. ಮೂರು. ಎರಡು. ತಿರುವಿನಲ್ಲಿ ಅಂಗೈ ಚಪ್ಪಟೆಯಾಗಿ ಹಿಡಿದು, ನಿಧಾನ ಎಂದು ಸನ್ನೆ ಮಾಡಿದ. ಎದುರಿನಿಂದ ದೂರದೂರಿನ ಬಸ್ಸೊಂದು ಇಳಿಯುತ್ತಾ ಬಂತು. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಬಸ್ಸಿನ ಡ್ರೈವರ್, ಯಾರೋ ಗುರುತಿಲ್ಲದವನು, ಅವಳಿಗೆ ಕೈಯೆತ್ತಿ ಹೋದ. ಪಕ್ಕದಲ್ಲಿ ಕೂತವನಿಗಲ್ಲ, ಓಡಿಸುತ್ತಿದ್ದವಳಿಗೆ. ಅವಳು ಗಂಡನ ಮುಖ ನೋಡಿದಳು. ಅವನು ಕಿಟಕಿಯಾಚೆ ನೋಡುತ್ತಾ ಬಸ್ಸಿನ ಸದ್ದನ್ನು ಬಾಯಲ್ಲಿ ಮಾಡುತ್ತಿದ್ದ.

ಮೇಲೆ ಮುಟ್ಟಿದಾಗ ಅವಳು ಕಾರನ್ನು ನೆರಳಿಗೆ ನಿಲ್ಲಿಸಿದಳು. ಎಂಜಿನ್ ಆರಿಸಲಿಲ್ಲ. ಇಬ್ಬರೂ ಅದನ್ನು ಕೇಳುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಅವನು ಬಾಯಿ ತೆರೆದು ನಿದ್ದೆ ಹೋದ. ಮನೆಯಲ್ಲಿ ಬಟನ್ ಹಚ್ಚದೇ ಬಿಟ್ಟ ಯೂನಿಫಾರ್ಮುಗಳು ಅವಳ ನೆನಪಿಗೆ ಬಂದು ಹೋದವು. ಕೀ ತಿರುಗಿಸಿ ಎಂಜಿನ್ ಆರಿಸಿ, ಬಾಗಿಲನ್ನು ಸದ್ದಾಗದಂತೆ ತೆರೆದು, ಕಾಲು ಚಾಚಿಕೊಳ್ಳಲು ಕೆಳಗಿಳಿದಳು.